ಆಕ್ಷೇಪ ಇಲ್ಲವಲ್ಲ?

ಡಾಕ್ಟರಮ್ಮ ಒಳಗೆ ಬರುತ್ತಿದ್ದಂತೆ ಮೇಜಿನ ಸುತ್ತ ಕೂತವರೆಲ್ಲ ದಡಬಡಿಸಿ ಎದ್ದು ನಿಂತದ್ದು ವಕೀಲರಿಗೆ ಸರಿ ಕಾಣಲಿಲ್ಲ. ಅಧ್ಯಕ್ಷರಂತೂ ತಾವೇ ಹೋಗಿ ಕುರ್ಚಿ ಎಳೆದುಕೊಟ್ಟರು. ಆಕೆಯೂ ಸದಸ್ಯೆ, ತಾವೂ ಸದಸ್ಯರು. ತಾವು ಬಂದಾಗ ಕತ್ತೆತ್ತಿ ನೋಡುವಷ್ಟು ಪುರಸೊತ್ತೂ ಯಾರಿಗೂ ಇರಲಿಲ್ಲ. ಅಬ್ಬಾ, ಎಂಥ ಪ್ರಭಾವ ಈ ಹೆಂಗಸಿನದು!

ಬಾಗಿಲ ಹೊರಗೆ ಕಂಡದ್ದು ಇನ್ನೂ ಅವರ ಕಣ್ಣಲ್ಲೇ ಇತ್ತು. ಹಾಸ್ಟೆಲಿನ ವಾರ್ಡನ್ ಅಲ್ಲಿ ಬೆಂಚಿನ ಮೇಲೆ ಮುದುಡಿ ಕೂತಿದ್ದಳು. ಡಾಕ್ಟರಮ್ಮನನ್ನು ಕಂಡದ್ದೇ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಆಕೆ ಅವಳ ಬೆನ್ನು ಸವರಿ, ಕಣ್ಣೊರೆಸಿ, ತಗ್ಗಿದ ದನಿಯಲ್ಲಿ ಏನೇನೋ ಹೇಳಿದರು. "ಏನಾದ್ರೂ ತಿಂದ್ಯಾ?" ಎಂದದ್ದಷ್ಟೇ ವಕೀಲರಿಗೆ ಕೇಳಿಸಿತು. ಅಕ್ಕತಂಗಿಯರೋ, ಚಿಕ್ಕಮ್ಮನ ಮಗಳೋ, ಅಂತೂ ಏನೋ ಒಂದು ಇದೆ.

ವಕೀಲರು ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಹೊಸಬರು, ಊರಿಗೂ ಹೊಸಬರು. ಇದು ಅವರ ಮೊದಲ ಸಭೆ. ಬೆಳಿಗ್ಗೆ ಹೊರಡುವಾಗ ಹೆಂಡತಿ, "ಅಲ್ಲಿ ಹೋಗಿ ಎಲ್ಲರ ಜೊತೆ ತಲೆ ಅಲ್ಲಾಡಿಸಿ, ಬಿಸ್ಕತ್ತು ತಿಂದು ಬರಬೇಡಿ ಮತ್ತೆ" ಎಂದು ಚುಚ್ಚಿದ್ದಳು. ಅವರೇನು ಅಂಥವರಲ್ಲ. ಮಂಡಳಿಯ ನಿಯಮಗಳನ್ನೆಲ್ಲ ಅರೆದು ಕುಡಿದೇ ಬಂದಿದ್ದರು.

ಸಭೆಯ ಮುಂದಿದ್ದ ವಿಷಯ ಒಂದೇ. ಹಾಸ್ಟೆಲಿಗೆ ಬೆಂಕಿ ಬಿದ್ದಿತ್ತು. ಹಿಂದಿನ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿತ್ತು. ಮೇಲಿನ ಮಹಡಿಯ ಹುಡುಗಿಯೊಬ್ಬಳು ಆ ಬಾಗಿಲು ಬಡಿದೂ ಬಡಿದೂ, ಹೊಗೆ ಕುಡಿದು ಅಲ್ಲೇ ಸತ್ತಿದ್ದಳು. ಸಭೆಯ ಕಾಗದದಲ್ಲಿ 'ಮೃತ ವಿದ್ಯಾರ್ಥಿನಿ' ಎಂದಷ್ಟೇ ಇತ್ತು. ಅದನ್ನು ಓದಿದ ದಿನ ವಕೀಲರು ಊಟದ ತಟ್ಟೆ ಬಿಟ್ಟು ಎದ್ದಿದ್ದರು. ಪಾಪದ ಹುಡುಗಿಗೆ ನ್ಯಾಯ ಕೊಡಿಸದಿದ್ದರೆ ಈ ಕುರ್ಚಿಯಲ್ಲಿ ಕೂತು ಏನು ಪ್ರಯೋಜನ?

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ವಾರ್ಡನ್ ಕರ್ತವ್ಯಲೋಪ ಮಾಡಿದಾರೆ. ಕೆಲಸದಿಂದ ವಜಾ ಮಾಡಿ, ಪೊಲೀಸರಿಗೆ ದೂರು ಕೊಡೋದು ಅಂತ ಠರಾವು. ಆಕ್ಷೇಪ ಇಲ್ಲವಲ್ಲ?"

ಇದು ಆ ಮಂಡಳಿಯ ರೂಢಿ. ಅಲ್ಲಿ ಯಾರೂ ಕೈ ಎತ್ತುವುದಿಲ್ಲ. ಅಧ್ಯಕ್ಷರು ಹೀಗೆ ಕೇಳುತ್ತಾರೆ, ಎಲ್ಲರೂ ಸುಮ್ಮನಿರುತ್ತಾರೆ, ಠರಾವು ಪಾಸಾಗುತ್ತದೆ. ಒಬ್ಬರು ಆಕ್ಷೇಪ ಎತ್ತಿದರೂ ವಿಷಯ ಹೊರಗಿನ ತನಿಖೆಗೆ ಹೋಗಬೇಕೆಂದು ನಿಯಮವೇನೋ ಇದೆ. ಎತ್ತಿದವರು ಮಾತ್ರ ಇಲ್ಲ.

"ನನ್ನ ಆಕ್ಷೇಪ ಇದೆ" ಎಂದರು ಡಾಕ್ಟರಮ್ಮ.

ಅಧ್ಯಕ್ಷರ ಮುಖ ಸಪ್ಪಗಾಯಿತು.

"ಬೀಗ ಹಾಕಿಸಿದ್ದು ಅವಳಲ್ಲ. ಹೋದ ವರ್ಷ ಕಳ್ಳರ ಕಾಟ ಅಂತ ಮಾತು ಬಂತಲ್ಲ, ಆಗ ಅವಳು ಇದೇ ಕೋಣೆಗೆ ಬಂದು, ಬೀಗ ಬೇಡ ಅಂತ ಗೋಗರೆದಳು. ನೀವು ಆಕ್ಷೇಪ ಇಲ್ಲವಲ್ಲ ಅಂದ್ರಿ. ನಾವೆಲ್ಲ ಸುಮ್ನಿದ್ವಿ. ನಾನೂ ಸುಮ್ನಿದ್ದೆ."

"ಹಳೇ ಮಾತು ಈಗ್ಯಾಕೆ?" ಅಧ್ಯಕ್ಷರು ಮೆಲ್ಲಗೆ ಹೇಳಿದರು.

ವಕೀಲರ ಮೈ ಉರಿಯಿತು. ತಮ್ಮವಳೊಬ್ಬಳನ್ನು ಉಳಿಸಲು ಎಲ್ಲರ ಮುಖಕ್ಕೂ ಮಸಿ ಬಳಿಯುವುದೇ? ಇಂಥ ಆಟಗಳನ್ನು ಅವರು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದರು. ಎದ್ದು ನಿಂತರು.

"ಒಂದು ನಿಮಿಷ. ಚರ್ಚೆ ಮಾಡೋ ವಿಷಯದಲ್ಲಿ ರಕ್ತಸಂಬಂಧ ಇರೋ ಸದಸ್ಯರು ಸಭೇಲಿ ಕೂರೋ ಹಾಗಿಲ್ಲ, ಅವರ ಆಕ್ಷೇಪವೂ ಲೆಕ್ಕಕ್ಕೆ ಬರಲ್ಲ. ಮೇಡಂ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಸಂಬಂಧ ಇದೆಯೋ ಇಲ್ವೋ?"

ಎದುರು ಕೂತಿದ್ದ ಗಣಿತದ ಪ್ರೊಫೆಸರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಈಕೆ ಸರಿಯಾಗಿ ಸಿಕ್ಕಿಬಿದ್ದರು, ಎಂದುಕೊಂಡರು ವಕೀಲರು.

"ಇದೆ" ಎಂದರು ಡಾಕ್ಟರಮ್ಮ.

"ಹಾಗಾದ್ರೆ ದಯವಿಟ್ಟು ಹೊರಗೆ ಕೂತ್ಕೊಳ್ಳಿ."

ಆಕೆ ಅಧ್ಯಕ್ಷರತ್ತ ನೋಡಿದರು. ಅವರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದರಲ್ಲೇ ಮುಳುಗಿದ್ದರು. ಆಕೆ ಮೇಜು ಹಿಡಿದುಕೊಂಡು ನಿಧಾನವಾಗಿ ಎದ್ದರು.

"ನಾನು ಹೋದ್ರೆ ಅವಳ ಪರ ಮಾತಾಡೋರು ಇಲ್ಲಿ ಯಾರೂ ಇರಲ್ಲಪ್ಪಾ. ನೀವಾದ್ರೂ ಮಾತಾಡಿ" ಎಂದರು ವಕೀಲರಿಗೆ. ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ನಾನು ಸತ್ತ ಹುಡುಗಿಯ ಪರ, ಮೇಡಂ."

ಡಾಕ್ಟರಮ್ಮ ಮೇಜಿನ ಮೇಲಿದ್ದ ಸಭೆಯ ಕಾಗದವನ್ನು ಮಡಚಿ ಕೈಗೆತ್ತಿಕೊಂಡರು. ಬಾಗಿಲು ತೆರೆದುಕೊಂಡು ಹೋಗಿ, ಬೆಂಚಿನಲ್ಲಿ ವಾರ್ಡನ್ ಪಕ್ಕ ಕೂತರು. ಪ್ಯೂನ್ ಬಾಗಿಲು ಹಾಕಿದ.

"ಆಕ್ಷೇಪ ಇಲ್ಲವಲ್ಲ?" ಅಧ್ಯಕ್ಷರು ಮತ್ತೆ ಕೇಳಿದರು.

ಎಲ್ಲರೂ ಸುಮ್ಮನಿದ್ದರು. ವಕೀಲರೂ ಸುಮ್ಮನಿದ್ದರು. ಠರಾವು ಪಾಸಾಯಿತು. ಹೊರಗಿನ ತನಿಖೆ ಇಲ್ಲ, ಹಳೇ ಮಾತು ಇಲ್ಲ. ವಾರ್ಡನ್ ಜೈಲಿಗೆ ಹೋಗುವುದು ಖಾತ್ರಿಯಾಯಿತು. ಮೊದಲ ಸಭೆಯಲ್ಲೇ ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ವಕೀಲರಿಗೆ ಹಿತವೆನಿಸಿತು. ಚಹಾ ಬಂತು. ಅಧ್ಯಕ್ಷರು ಮೇಜು ಸುತ್ತಿಕೊಂಡು ಬಂದು ಅವರ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ಹೇಳಿದರು:

"ದೊಡ್ಡ ಉಪಕಾರ ಆಯ್ತು ವಕೀಲರೇ, ಆ ಬೆಂಕೀಲಿ ಮಗಳನ್ನ ಕಳ್ಕೊಂಡ ತಾಯಿಗೆ ಎದ್ದು ಹೋಗಿ ಅನ್ನೋಕೆ ನಮ್ಮಲ್ಲಿ ಯಾರಿಗೂ ಬಾಯಿ ಬರ್ತಿರಲಿಲ್ಲ."