ಗೇಟಿನಲ್ಲಿ ಹೇಳಿದ ಬುದ್ಧಿಮಾತು

ಮೊಮ್ಮಗಳನ್ನು ಯೂನಿವರ್ಸಿಟಿ ಹಾಸ್ಟೆಲಿಗೆ ಸೇರಿಸಿದ್ದಾಯಿತು. ಟ್ರಂಕು ಹೊತ್ತು ಸೊಂಟ ಸೋತಿತ್ತು. ಆದರೂ ಗೇಟಿನ ಹತ್ತಿರ ನಿಂತು ಇನ್ನೊಂದು ಸಲ ಹೇಳಿದೆ, "ಹೊತ್ತಿಗೆ ಸರಿಯಾಗಿ ಉಣ್ಣು. ಗುರುತಿಲ್ಲದವರ ಜೊತೆ ಮಾತು ಬೇಡ. ಯಾರು ಏನು ಕೇಳಿದರೂ ತಲೆ ತಗ್ಗಿಸಿಕೊಂಡು ಹೋಗ್ತಾ ಇರು."

"ಬೆಳಗಿಂದ ಇದೇ ಆಯ್ತಲ್ಲ ಅಜ್ಜಿ. ನಿಂಗೆ ಬಸ್ಸಿನ ಬೋರ್ಡು ಓದೋಕೆ ಬರಲ್ಲ. ಸ್ಟ್ಯಾಂಡಿನವರೆಗೂ ಬರಲಾ?"

"ಬೇಡ ಕಣೇ, ಬಾಯಿಲ್ವಾ ನಂಗೆ? ಕೇಳ್ಕೊಂಡು ಹೋಗ್ತೀನಿ."

ನಾನು ಸ್ಟ್ಯಾಂಡು ತಲುಪುವಾಗ ಊರಿನ ಕಡೇ ಬಸ್ಸು ಹೊರಡುವ ಹೊತ್ತು. ಮೂರು ನಾಲ್ಕು ಬಸ್ಸು ಒಟ್ಟಿಗೇ ಗುರುಗುಟ್ಟುತ್ತಿದ್ದವು. ಪಕ್ಕದಲ್ಲಿ ಹೊಸ ಟ್ರಂಕು ಹಿಡಿದು ಹುಡುಗಿಯೊಬ್ಬಳು ನಿಂತಿದ್ದಳು.

"ಮಗಾ, ಇದರಲ್ಲಿ ಹಿರಿಯೂರು ಬಸ್ಸು ಯಾವುದವ್ವಾ?"

ಅವಳು ತಲೆ ತಗ್ಗಿಸಿ, ಟ್ರಂಕು ಎತ್ತಿಕೊಂಡು ಹೊರಟೇ ಹೋದಳು.