ಪಡುವಣ ಗೋಡೆಯ ಚಿಗುರು

ನಮ್ಮ ಮನೆ ಪಡುವಣ ಗೋಡೆಯಲ್ಲಿ ಹೊಸ ಕೋಣೆ ಚಿಗುರಿಸತೊಡಗಿದ ಮೇಲೆ ಅಡುಗೆ ಅಂಗಳಕ್ಕೆ ಬಂತು. ಎಳೆ ಗೋಡೆಗೆ ಹೊಗೆ ಆಗದು. ದಿನವೂ ಅದಕ್ಕೆ ನೀರುಣಿಸಿ, ಒದ್ದೆ ಗೋಣಿಚೀಲ ಹೊದಿಸುವಾಗ ಆಸ್ಪತ್ರೆಯಲ್ಲಿದ್ದ ಮಗಳು ಸುವರ್ಣಾಳ ಸುದ್ದಿಯನ್ನೂ ಹೇಳುತ್ತಿದ್ದೆ. ಅಪಘಾತದಲ್ಲಿ ಕಾಲು ಕಳೆದುಕೊಂಡವಳು ಇವತ್ತು ಗಾಲಿಕುರ್ಚಿಯಲ್ಲಿ ಮನೆಗೆ ಬರುವವಳಿದ್ದಳು.

ಬೆಳಿಗ್ಗೆ ಕೋಣೆಯ ಬಾಗಿಲು ತೆರೆದುಕೊಂಡಿತು. ಹೊಸ್ತಿಲ ಪೂಜೆಗೆಂದು ಅರಿಸಿನ ಕುಂಕುಮದ ತಟ್ಟೆ ಹಿಡಿದು ಹಿತ್ತಲಿನಿಂದ ಬಂದ ಪಕ್ಕದ ಮನೆಯ ನೀಲಗಂಗವ್ವ ಬಾಗಿ ನೋಡಿ ಹಾಗೇ ನಿಂತಳು.

“ಯಕ್ಕಾ, ಹೊಸ್ತಿಲಾನ ಬೆಳದಿಲ್ಲಲ್ಲ. ನಿಮ್ಮ ಮನಿ ಮರತೈತಿ ನೋಡು.”

“ನನ್ನ ಮನಿ ಏನೂ ಮರತಿಲ್ಲ,” ಎಂದೆ. “ತಲಬಾಗಲಕ್ಕ ಹೋಗಿ ನೋಡು. ನಮ್ಮತ್ತಿ ಪೂಜಿ ಮಾಡತಿದ್ದ ಹೊಸ್ತಿಲಾನೂ ರಾತ್ರಿ ನುಂಗೈತಿ.”

ನೀಲಗಂಗವ್ವ ಹೋಗಿ ನೋಡಿ ಬಂದಳು. ತಟ್ಟೆಯನ್ನು ನನ್ನ ಕೈಗಿಟ್ಟಳು.

“ಹಂಗಾರ ಗಾಲಿಗೆ ಹಚ್ಚೂಣು.”