ಒಂದೇ ಜಾಕೆಟ್

ಚಳಿಗಾಲದ ಮೀನುಬೇಟೆಗೆಂದು ಗಂಡ ಹೆಂಡತಿ ಅಂಗಡಿಯಲ್ಲಿ ಜಾಕೆಟ್ ನೋಡುತ್ತಿದ್ದರು. ಜಲಾಶಯದಲ್ಲಿ ಬಲೆ ಬಿಡುವವನು ಅವನು, ತೆಪ್ಪಕ್ಕೆ ಹುಟ್ಟು ಹಾಕುವವಳು ಅವಳು. ಜಾಕೆಟ್‌ಗಳ ತೋಳಿನ ಮೇಲೆ ನೀರು ಸುರಿದು, ಒಳಗೆ ಕೈಯಿಟ್ಟು ನೋಡಿ, ನೆನೆಯದ ಬೆಚ್ಚನೆಯ ಒಂದನ್ನು ಅವಳೇ ಆರಿಸಿದಳು. ಅವನು ತೊಟ್ಟುಕೊಂಡ.

“ನಂಗೂ ಇಂಥದ್ದೇ ಒಂದು ತೋರ್ಸಣ್ಣ,” ಎಂದಳು ಅಂಗಡಿಯವನಿಗೆ.

“ಸುಮ್ನೆ ಕೂತಿರೋಳ್ಗೆ ಜಾಕೆಟ್ ಯಾಕೆ? ಸೆರಗು ಹೊದ್ಕೊ ಸಾಕು,” ಎಂದು ಗಂಡ ನಕ್ಕ. ಅಂಗಡಿಯವನೂ ನಕ್ಕ.

ಮರುದಿನ ಮುಂಜಾನೆ ನಡುನೀರಿನಲ್ಲಿ ಅವನು ಬಲೆ ಬಿಡತೊಡಗಿದ ಕೂಡಲೇ ಅವಳು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ತೆಪ್ಪ ಗಾಳಿಗೆ ಗಿರಗಿರನೆ ತಿರುಗಿತು. ಬಲೆ ಅವನ ಕಾಲಿಗೇ ಸುತ್ತಿಕೊಂಡಿತು.

“ಹುಟ್ಟು ಹಾಕೇ, ಏನ್ ಮಾಡ್ತಿದ್ದೀಯ?”

“ಸುಮ್ನೆ ಕೂತಿದೀನಿ.”

ತೆಪ್ಪ ಇನ್ನೊಂದು ಸುತ್ತು ತಿರುಗಿತು. ಅವನು ಜಾಕೆಟ್ ಬಿಚ್ಚತೊಡಗಿದ.